ಅಜ್ಜನ ಮುಖ ಹಸಿರಾದದ್ದೇಕೆ?

ಬಣ್ಣದ ಫೋಟೋ ಮುದ್ರಿಸುವುದು ಕಷ್ಟ, ಕಪ್ಪು-ಬಿಳುಪಿನದು ಸುಲಭ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕವೇನೋ ಸರಿಯಾಗಿಯೇ ಕಾಣುತ್ತದೆ. ಬಣ್ಣದ ಚಿತ್ರಕ್ಕೆ ಹತ್ತಾರು ಬಣ್ಣ ಬೇಕು. ಕಪ್ಪು-ಬಿಳುಪಿಗೆ ಬೇಕಾದದ್ದು ಎರಡೇ, ಅದರಲ್ಲೂ ಬಿಳುಪನ್ನು ಕಾಗದವೇ ಕೊಡುತ್ತದೆ. ಉಳಿದದ್ದು ಕಪ್ಪು ಒಂದೇ. ಆದರೆ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಹಳೆಯ ಕಪ್ಪು-ಬಿಳುಪು ಫೋಟೋ ಅಚ್ಚು ಹಾಕಲು ಕುಳಿತವರಿಗೆ ಈ ಲೆಕ್ಕ ಎಷ್ಟು ಬೇಗ ತಪ್ಪುತ್ತದೆ ಎಂಬುದು ಗೊತ್ತು. ಕಪ್ಪು ಕೇಳಿದರೆ ಹಸಿರು ಬರುತ್ತದೆ. ಹಸಿರನ್ನು ಹೋಗಲಾಡಿಸಿದರೆ ಗುಲಾಬಿ ಬರುತ್ತದೆ. ರಾತ್ರಿ ಸರಿಯಾಗಿ ಕಂಡದ್ದು ಬೆಳಗಾಗುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನ ಒಂದು ಮನೆಯಲ್ಲಿ ಆದದ್ದೂ ಇದೇ. ಅಡಿಕೆ, ಮೆಕ್ಕೆಜೋಳ ಬೆಳೆಯುವ ರೈತರ ಮನೆ ಅದು. ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ, ದಿನವೂ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿಬರುವವಳು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಪಾಠದ ಹಾಳೆಗಳನ್ನು ಅಚ್ಚು ಹಾಕಿಕೊಳ್ಳಲೆಂದು ತಂದೆ ಒಂದು ಪ್ರಿಂಟರ್ ತಂದಿದ್ದರು. ನಾಲ್ಕು ಶಾಯಿಯ ತೊಟ್ಟಿಗಳಿರುವ, ಮೇಲೆ ಸ್ಕ್ಯಾನರ್ ಕೂಡ ಇರುವ ಸಾಮಾನ್ಯ ಯಂತ್ರ. ಶಾಲೆ ತೆರೆದ ಮೇಲೆ ಅದು ಹೆಚ್ಚಾಗಿ ಸುಮ್ಮನೇ ಕೂತಿತ್ತು.

ಆ ಮನೆಯ ಅಜ್ಜಿಯ ಟ್ರಂಕಿನಲ್ಲಿ ಒಂದು ಫೋಟೋ ಇತ್ತು. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿವೆ, ಅವರ ಫೋಟೋ ಎಂದು ಉಳಿದದ್ದು ಅದೊಂದೇ. ಸೊಸೈಟಿ ಸಾಲದ ಅರ್ಜಿಗೆಂದು ದುರ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ಅಗಲ ಎರಡು ಅಂಗುಲ, ಎತ್ತರ ಮೂರು. ಮೈಮೇಲಿನ ಕೋಟು ಸ್ಟುಡಿಯೋದವರದು, ರುಮಾಲು ಮಾತ್ರ ಸ್ವಂತದ್ದು. ಕಾಗದ ಹಳದಿಗಟ್ಟಿತ್ತು, ಅಂಚಿನಲ್ಲಿ ಬೂಸ್ಟಿನ ಕಲೆಗಳಾಗಿದ್ದವು, ಕೋಟಿನ ಕಪ್ಪಿನ ಮೇಲೆ ಕನ್ನಡಿಯಂಥ ನೀಲಿ ಹೊಳಪು ಎದ್ದಿತ್ತು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ಪಟ್ಟಿ ಬಿಚ್ಚಿದ ವಾರದಲ್ಲೇ ಅಜ್ಜಿ ಮೊಮ್ಮಗಳನ್ನು ಕೇಳಿದ್ದು ಒಂದೇ ಮಾತು: “ಕಣ್ಣು ಬಂತಲ್ಲವ್ವ, ನಿಮ್ಮಜ್ಜನ ಮುಖ ಒಂದ್ಸಲ ದೊಡ್ಡದು ಮಾಡಿ ತೋರಿಸು.”

ಮೊಮ್ಮಗಳು ಫೋಟೋ ಸ್ಕ್ಯಾನ್ ಮಾಡಿದಳು, ಹೊಳಪಿನ ಫೋಟೋ ಕಾಗದ ತಂದು ಅಚ್ಚು ಹಾಕಿದಳು. ಬಂದ ಚಿತ್ರವನ್ನು ಅಜ್ಜಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ನಿಮ್ಮಜ್ಜ ಹಸಿರು ಬೆಳೆದಿದ್ದು ಹೊಲದಾಗೆ ಕಣವ್ವ, ಮುಖದ ಮ್ಯಾಲಲ್ಲ” ಎಂದರು.

ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಅಂದು ಸಂಜೆಯೊಳಗೆ ಆರು ಹಾಳೆ ಖರ್ಚಾದವು. ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕೆಂಪು, ನೀಲಿ ಎಂದು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ತಿರುಗಿಸಿದ್ದಾಯಿತು. ಒಂದು ಗುಲಾಬಿ, ಒಂದು ನೀಲಿ, ಇನ್ನೊಂದು ಮತ್ತೆ ಹಸಿರು. “ಮಿಷನ್ನೇ ಕೆಟ್ಟೈತೆ, ಹೊಸದು ನೋಡೋಣ” ಎಂದರು ತಂದೆ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದಾಗ ಬಂದ ಸಲಹೆ ಇನ್ನೂ ಸುಲಭದ್ದು: ಕಪ್ಪು-ಬಿಳುಪಿನ ಗೋಜೇ ಬೇಡ, ಕಲರ್ ಮಾಡಿಬಿಡೋಣ. 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರವನ್ನೇ ವರ್ಣದಲ್ಲಿ ಮಾಡಿ 2008ರಲ್ಲಿ ಬಿಡುಗಡೆ ಮಾಡಲಿಲ್ಲವೇ?

ಸಿನಿಮಾದ ಮಾತು ಬೇರೆ. ಬೂದು ಬಣ್ಣದಿಂದ ಮೂಲದ ಬಣ್ಣವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಕೆಂಪು, ಹಸಿರು, ನೀಲಿ ಮೂರೂ ಕಪ್ಪು-ಬಿಳುಪು ಚಿತ್ರದಲ್ಲಿ ಒಂದೇ ಬೂದಾಗಿ ಕಾಣಬಹುದು. ಮಾರ್ಟಿಮರ್ ವೀಲರ್ 1947ರಲ್ಲಿ ದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿ ತೆಗೆದ ಮಡಕೆ ಚೂರುಗಳ ಕಪ್ಪು-ಬಿಳುಪು ಫೋಟೋ ನೋಡಿ, ಯಾವುದು ಕೆಂಪು ಮಡಕೆ ಎಂದು ಹೇಳಬೇಕಾದರೆ ಪಕ್ಕದ ಬರಹವನ್ನು ಓದಲೇಬೇಕು. ಅಜ್ಜನ ಕೋಟಿನ ಬಣ್ಣ ಯಾವುದೆಂದು ಬರೆದಿಟ್ಟವರು ಯಾರೂ ಇರಲಿಲ್ಲ. ಅಜ್ಜಿ ಬಣ್ಣ ಬೇಡವೆಂದರು. ಇದ್ದದ್ದು ಇದ್ದಂತೆ ಬರಬೇಕು. ಹಸಿರನ್ನು ಹುಡುಕಿ ಹಿಡಿಯುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಬೂದು ಎಂಬ ತಕ್ಕಡಿ

ಹುಡುಗಿಗೆ ದಾರಿ ತೋರಿದವರು ದುರ್ಗದಲ್ಲಿ ದಶಕಗಳ ಕಾಲ ಸ್ಟುಡಿಯೋ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರು. ಕತ್ತಲಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಸಾವಿರಾರು ಫೋಟೋ ತೊಳೆದ ಕೈ ಅವರದು. ಆರು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ನೋಡಿ ಅವರು ಕೇಳಿದ್ದು: “ಏನವ್ವ, ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ಏನೇನು ಬದಲು ಮಾಡಿದೆ?” ಹುಡುಗಿಗೆ ನೆನಪಿರಲಿಲ್ಲ. “ಹಾಗಾದರೆ ಇವು ಆರು ಪ್ರಯೋಗ ಅಲ್ಲ, ಆರು ಹಾಳೆ ಅಷ್ಟೆ” ಎಂದರು.

ಹಳೆಯ ಫೋಟೋದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿ. ಕಾಗದದ ಮೇಲಿನ ಜಿಲೆಟಿನ್ ಪದರದಲ್ಲಿರುವ ಬೆಳ್ಳಿಯ ಅತಿಸಣ್ಣ ಕಣಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚು-ಕಡಿಮೆ ಸಮನಾಗಿ ನುಂಗುತ್ತವೆ. ಕಣ ದಟ್ಟವಾಗಿದ್ದಲ್ಲಿ ಕಪ್ಪು, ವಿರಳವಾಗಿದ್ದಲ್ಲಿ ಬೂದು. ಬೆಳಕು ತಾಗದ ಬೆಳ್ಳಿಯ ಲವಣವನ್ನು ಹೈಪೋ ಎಂಬ ಸೋಡಿಯಂ ಥಯೋಸಲ್ಫೇಟ್ ಕರಗಿಸಿಬಿಡುತ್ತದೆ. ಹೈಪೋದ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲೇ ಗುರುತಿಸಿದ್ದರು. ಒಂದೇ ವಸ್ತುವಿನಿಂದ ಕಪ್ಪೂ ಬೂದೂ ಬರುತ್ತಿದ್ದುದರಿಂದ ಅಲ್ಲಿ ಬಣ್ಣದ ಜಗಳ ಅಷ್ಟಾಗಿ ಇರಲಿಲ್ಲ.

ಇಂಕ್‌ಜೆಟ್‌ನ ಕಥೆ ಬೇರೆ. ಅದರಲ್ಲಿ ಇರುವುದು ಸಯಾನ್ ಎಂಬ ಹಸಿರುಮಿಶ್ರಿತ ನೀಲಿ, ಮೆಜೆಂಟಾ ಎಂಬ ನೇರಳೆಗೆಂಪು, ಹಳದಿ ಮತ್ತು ಕಪ್ಪು. ಸಯಾನ್ ಶಾಯಿ ಬೆಳಕಿನ ಕೆಂಪನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು ನುಂಗುತ್ತದೆ, ಹಳದಿ ನೀಲಿಯನ್ನು ನುಂಗುತ್ತದೆ. ಮೂರೂ ತಕ್ಕಷ್ಟು ಬಿದ್ದರೆ ಕೆಂಪು, ಹಸಿರು, ನೀಲಿ ಸಮನಾಗಿ ಕಡಿಮೆಯಾಗಿ ಕಣ್ಣಿಗೆ ಬೂದು ಕಾಣುತ್ತದೆ. ಬೂದು ಎಂದರೆ ಬಣ್ಣವಿಲ್ಲದ್ದು ಎಂದು ತಿಳಿದಿದ್ದೇವೆ. ಪ್ರಿಂಟರಿನ ಮಟ್ಟಿಗೆ ಅದು ಮೂರು ತಟ್ಟೆಯ ತಕ್ಕಡಿ. ಒಂದು ತಟ್ಟೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮುಳ್ಳು ವಾಲುತ್ತದೆ. ಕೆಂಪು ಸೀರೆಯ ಚಿತ್ರದಲ್ಲಿ ಅಷ್ಟು ವಾಲಿದರೆ ಯಾರಿಗೂ ತಿಳಿಯುವುದಿಲ್ಲ, ಬೂದಿನಲ್ಲಿ ಮಾತ್ರ ಕಣ್ಣು ಅದನ್ನು ಕೂಡಲೇ ಹಿಡಿದುಬಿಡುತ್ತದೆ. ಬಣ್ಣದ ಚಿತ್ರ ಸರಿಯಾಗಿ ಕೊಡುವ ಯಂತ್ರವೇ ಕಪ್ಪು-ಬಿಳುಪಿನಲ್ಲಿ ಸೋಲುವುದು ಇದಕ್ಕೇ.

ಹಾಗಾದರೆ ನಾಲ್ಕನೆಯ ಕಪ್ಪು ಶಾಯಿ ಏಕಿದೆ? ಹುಡುಗಿ ಹಿಂದೊಮ್ಮೆ ಅದೇ ಫೋಟೋವನ್ನು ಸಾದಾ ಹಾಳೆಯ ಮೇಲೆ ಅಚ್ಚು ಹಾಕಿದ್ದಳು. ಅದು ಒರಟಾಗಿತ್ತು, ಕೆನ್ನೆಯ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳಿದ್ದವು, ಆದರೆ ಹಸಿರು ಇರಲಿಲ್ಲ. ಅದೇ ಫೈಲು, ಅದೇ ಯಂತ್ರ. ಕಾಗದ ಬದಲಾದ ಮಾತ್ರಕ್ಕೆ ಬಣ್ಣ ಏಕೆ ಬದಲಾಗಬೇಕು?

ಇಂಥ ಹಲವು ಮನೆಬಳಕೆಯ ಯಂತ್ರಗಳಲ್ಲಿ ಕಪ್ಪು ಶಾಯಿ ಪಿಗ್ಮೆಂಟ್ ಜಾತಿಯದು, ಅಂದರೆ ದ್ರವದಲ್ಲಿ ತೇಲುವ ಸಣ್ಣ ಪುಡಿ. ಉಳಿದ ಮೂರು ಬಣ್ಣಗಳು ನೀರಿನಲ್ಲಿ ಕರಗಿದ ಡೈ. ಈ ಪುಡಿ ಸಾದಾ ಹಾಳೆಯ ನಾರಿನಲ್ಲಿ ಚೆನ್ನಾಗಿ ಕೂರುತ್ತದೆ. ಹೊಳಪಿನ ಕಾಗದದ ಮೇಲೆ ಮಾತ್ರ ಇಳಿಯದೆ ಮೇಲೇ ನಿಲ್ಲುತ್ತದೆ, ಬೆರಳು ತಾಗಿದರೆ ಸಾಕು ಒರೆಸಿಹೋಗುತ್ತದೆ. ಆದ್ದರಿಂದ ‘ಗ್ಲಾಸಿ’ ಎಂದು ಆರಿಸಿದ ಕೂಡಲೇ ಅಂಥ ಯಂತ್ರ ಕಪ್ಪು ತೊಟ್ಟಿಯನ್ನು ಮುಟ್ಟುವುದೇ ಇಲ್ಲ. ಅಜ್ಜನ ಕೋಟಿನಿಂದ ಹಿಡಿದು ಹುಬ್ಬಿನವರೆಗೆ ಇಡೀ ಚಿತ್ರವನ್ನು ಮೂರು ಬಣ್ಣಗಳಿಂದಲೇ ಕಟ್ಟುತ್ತದೆ. ಸಾದಾ ಹಾಳೆಯಲ್ಲಿ ಕಪ್ಪೊಂದೇ ದುಡಿದಿತ್ತು, ಹೊಳಪು ಕಾಗದದಲ್ಲಿ ತಕ್ಕಡಿ ಹಿಡಿದವರು ಮೂವರು. ಬಣ್ಣ ನುಸುಳಲು ದಾರಿಯಾದದ್ದು ಅಲ್ಲಿ.

ಈ ಕಷ್ಟವನ್ನು ಪ್ರಿಂಟರ್ ತಯಾರಕರೂ ಬಲ್ಲರು. 2005ರಲ್ಲಿ ಎಪ್ಸನ್ ಕಂಪನಿ ತನ್ನ ಆರ್2400 ಮಾದರಿಯಲ್ಲಿ ಕಪ್ಪು, ತಿಳಿಗಪ್ಪು, ಇನ್ನೂ ತಿಳಿಗಪ್ಪು ಎಂದು ಮೂರು ಕಪ್ಪುಗಳನ್ನೇ ಇಟ್ಟಿತು. ಕಪ್ಪು-ಬಿಳುಪಿಗೆಂದೇ ಬೇರೆ ವಿಧಾನವನ್ನೂ ಕೊಟ್ಟಿತು. ಬೂದನ್ನು ಬೂದು ಶಾಯಿಯಿಂದಲೇ ಮುದ್ರಿಸಿ, ಬಣ್ಣದ ಶಾಯಿಯನ್ನು ಚಿಟಿಕೆಯಷ್ಟು ಮಾತ್ರ ಬಳಸುವ ಉಪಾಯ ಅದು. ಹಿರೇಗುಂಟನೂರಿನ ಮನೆಗೆ ಅಂಥ ದುಬಾರಿ ಯಂತ್ರದ ಅಗತ್ಯವಿರಲಿಲ್ಲ. ಅದರ ಹಿಂದಿನ ತತ್ತ್ವ ಗೊತ್ತಾದರೆ ಸಾಕಿತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ

ಕತ್ತಲಕೋಣೆಯ ಕಾಲದಲ್ಲಿ ಯಾರೂ ಮೊದಲ ಏಟಿಗೇ ಪೂರ್ತಿ ಹಾಳೆ ಹಾಕುತ್ತಿರಲಿಲ್ಲ. ಬೆರಳಗಲದ ಪಟ್ಟಿಯ ಮೇಲೆ ಐದು ಸೆಕೆಂಡು, ಹತ್ತು ಸೆಕೆಂಡು, ಹದಿನೈದು ಸೆಕೆಂಡು ಬೆಳಕು ಬಿಟ್ಟು ನೋಡಿ, ಸರಿಯಾದದ್ದನ್ನು ಗುರುತು ಮಾಡಿಕೊಳ್ಳುತ್ತಿದ್ದರು. ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಪೀಳಿಗೆಯವರೂ, 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಆ ಕಾಲದ ಹವ್ಯಾಸಿಗಳೂ ಕೈ ಪಳಗಿಸಿಕೊಂಡದ್ದು ಇಂಥ ಪಟ್ಟಿಗಳಲ್ಲೇ. ಸ್ಟುಡಿಯೋದ ಹಿರಿಯರು ಹುಡುಗಿಗೆ ಹೇಳಿದ್ದೂ ಅದನ್ನೇ: “ಅಜ್ಜನ ಮುಖ ಸದ್ಯಕ್ಕೆ ಬಿಡು. ಮುಖ ನೋಡಿದರೆ ಮನಸ್ಸು ಲೆಕ್ಕ ತಪ್ಪುತ್ತೆ. ಬರೀ ಬೂದು ಪಟ್ಟಿ ಹಾಕು.”

ಹುಡುಗಿ ಕಂಪ್ಯೂಟರಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ 21 ಮನೆಗಳ ಪಟ್ಟಿ ಮಾಡಿದಳು. ಒಂದೊಂದು ಮನೆಗೆ ಶೇ 5ರಷ್ಟು ಹೆಚ್ಚು ಕಪ್ಪು. ಪ್ರತಿ ಮನೆಯಲ್ಲೂ ಕೆಂಪು, ಹಸಿರು, ನೀಲಿಯ ಅಂಕಿ ಒಂದೇ ಇರುವಂತೆ ನೋಡಿಕೊಂಡಳು. ಮೂರೂ 128 ಆಗಿದ್ದರೆ ಅದು ನಡುಬೂದು. ಅಂಕಿಗಳು ಸಮನಾಗಿದ್ದೂ ಕಾಗದದ ಮೇಲೆ ಬಣ್ಣ ಬಂದರೆ ತಪ್ಪು ಫೈಲಿನದಲ್ಲ, ಮುಂದಿನದು. ಹೀಗೆ ಒಬ್ಬ ಆರೋಪಿ ಕಡಿಮೆಯಾದ.

ಪಟ್ಟಿ ಅಚ್ಚಾಯಿತು. ತಿಳಿಯಿಂದ ದಟ್ಟದವರೆಗೆ ಉದ್ದಕ್ಕೂ ಹಸಿರು. ಮೂರು ತಟ್ಟೆಯ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಹಸಿರನ್ನು ನುಂಗಬೇಕಾದವನು ಮೆಜೆಂಟಾ. ಹಸಿರು ಉಳಿದಿದೆ ಎಂದರೆ ಮೆಜೆಂಟಾ ಕಡಿಮೆ ಬೀಳುತ್ತಿದೆ. ಅದೇ ರೀತಿ ಸಯಾನ್ ಕೊರತೆಯಾದರೆ ಚಿತ್ರ ಕೆಂಪಾಗುತ್ತದೆ, ಹಳದಿ ಕೊರತೆಯಾದರೆ ನೀಲಿಯಾಗುತ್ತದೆ. ವಿದ್ಯಾರ್ಥಿಗಳು ಇಷ್ಟನ್ನು ನೆನಪಿಟ್ಟರೆ ಅರ್ಧ ರೋಗ ಪತ್ತೆಯಾದಂತೆ.

ಪ್ರಿಂಟರಿನಲ್ಲಿ ‘ನಾಝಲ್ ಚೆಕ್’ ಎಂಬ ಪರೀಕ್ಷೆ ಇರುತ್ತದೆ. ಶಾಯಿ ಚಿಮ್ಮುವ ಒಂದೊಂದು ರಂಧ್ರವೂ ಒಂದೊಂದು ಗೆರೆ ಎಳೆದು ತೋರಿಸುತ್ತದೆ. ಹುಡುಗಿ ಮಾಡಿ ನೋಡಿದಾಗ ಮೆಜೆಂಟಾದ ಗೆರೆಗಳು ಅಲ್ಲಲ್ಲಿ ಕಡಿದುಹೋಗಿದ್ದವು. ತಿಂಗಳುಗಟ್ಟಲೆ ಕಪ್ಪಕ್ಷರ ಮಾತ್ರ ಅಚ್ಚು ಹಾಕಿದ್ದರಿಂದ, ದುರ್ಗದ ಸೀಮೆಯ ಒಣಹವೆಯಲ್ಲಿ ಬಣ್ಣದ ರಂಧ್ರಗಳಲ್ಲಿ ಶಾಯಿ ಒಣಗಿ ಕೂತಿತ್ತು. ಯಂತ್ರದ್ದೇ ಶುದ್ಧೀಕರಣ ವಿಧಾನವನ್ನು ಒಮ್ಮೆ ನಡೆಸಿ, ಒಂದು ರಾತ್ರಿ ಬಿಟ್ಟು, ಮತ್ತೊಮ್ಮೆ ನಡೆಸಿದ ಮೇಲೆ ಗೆರೆಗಳು ಕೂಡಿಕೊಂಡವು. ಸಿಟ್ಟಿನಿಂದ ಒಂದರ ಹಿಂದೊಂದು ಹತ್ತು ಸಲ ತೊಳೆಸಬಾರದು. ಪ್ರತಿ ಸಲವೂ ಶಾಯಿ ವ್ಯರ್ಥವಾಗಿ ಯಂತ್ರದೊಳಗಿನ ಸ್ಪಂಜಿನಂಥ ಮೆತ್ತೆಗೆ ಸೇರುತ್ತದೆ, ಅದು ತುಂಬಿದರೆ ಬೇರೆಯೇ ರಿಪೇರಿ. ಇನ್ನೊಂದು ಕಿವಿಮಾತು: ಬಿಳಿ ಕಾಗದದ ಮೇಲೆ ಹಳದಿ ಗೆರೆ ಸರಿಯಾಗಿ ಕಾಣುವುದಿಲ್ಲ. ನೀಲಿ ಜಿಲೆಟಿನ್ ಕಾಗದದ ಮೂಲಕ ನೋಡಿದರೆ ಅದೇ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಹಳದಿ ನೀಲಿಯನ್ನು ನುಂಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೊಸ ಪಟ್ಟಿಯಲ್ಲಿ ಹಸಿರು ಹೋಗಿತ್ತು. ಆದರೆ ಈಗ ತೆಳುವಾದ ಗುಲಾಬಿ ಬಂದಿತ್ತು.

ಅತ್ತೆಯೂ ಉಪ್ಪು ಹಾಕಿದಳು, ಸೊಸೆಯೂ ಹಾಕಿದಳು

ಕಂಪ್ಯೂಟರಿನ ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರಿಂಟರ್ ಶಾಯಿಯಿಂದ ಕಟ್ಟುತ್ತದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ನಡುವೆ ದುಭಾಷಿ ಬೇಕು. 1993ರಲ್ಲಿ ಎಂಟು ಕಂಪನಿಗಳು ಕೂಡಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದ್ದು ಎಲ್ಲ ಯಂತ್ರಗಳಿಗೂ ಒಪ್ಪುವ ದುಭಾಷಿ ನಿಯಮಕ್ಕಾಗಿ. ಪ್ರತಿಯೊಂದು ಯಂತ್ರದ ಬಣ್ಣದ ಸ್ವಭಾವವನ್ನು ಅಳೆದು ಬರೆದಿಟ್ಟ ಕೋಷ್ಟಕಕ್ಕೆ ಪ್ರೊಫೈಲ್ ಎಂದು ಹೆಸರು. “ಈ ಯಂತ್ರದಲ್ಲಿ, ಈ ಶಾಯಿಯಲ್ಲಿ, ಈ ಕಾಗದದ ಮೇಲೆ ನಡುಬೂದು ಬರಬೇಕಾದರೆ ಯಾವ ಶಾಯಿ ಎಷ್ಟು” ಎಂಬ ಬಗೆಯ ಲೆಕ್ಕ ಅದರಲ್ಲಿರುತ್ತದೆ.

ತೊಂದರೆ ಬರುವುದು ದುಭಾಷಿಗಳು ಇಬ್ಬರಾದಾಗ. ಫೋಟೋ ತಿದ್ದುವ ತಂತ್ರಾಂಶ ಒಮ್ಮೆ ಬಣ್ಣವನ್ನು ಪರಿವರ್ತಿಸಿ ಕಳಿಸುತ್ತದೆ. ಪ್ರಿಂಟರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ, ಇದು ಇನ್ನೂ ಪರಿವರ್ತನೆಯಾಗಿಲ್ಲ ಎಂದುಕೊಂಡು ತಾನೂ ಇನ್ನೊಮ್ಮೆ ಪರಿವರ್ತಿಸುತ್ತದೆ. ಅತ್ತೆ ಹಾಕಿ ಹೋದ ಸಾರಿಗೆ ಸೊಸೆಯೂ ಉಪ್ಪು ಹಾಕಿದಂತೆ. ಇಬ್ಬರದೂ ತಪ್ಪಲ್ಲ, ಸಾರು ಮಾತ್ರ ಬಾಯಿಗಿಡುವಂತಿರುವುದಿಲ್ಲ. ಕೆನ್ನೆಗೆ ಕಾರಣವಿಲ್ಲದೆ ಬರುವ ಗುಲಾಬಿ ಬಹಳ ಸಲ ಈ ಎರಡನೆಯ ಉಪ್ಪಿನದೇ.

ಹುಡುಗಿ ತಂತ್ರಾಂಶದಲ್ಲಿ ‘ಬಣ್ಣವನ್ನು ಪ್ರಿಂಟರೇ ನೋಡಿಕೊಳ್ಳಲಿ’ ಎಂಬ ಆಯ್ಕೆ ಮಾಡಿ, ಉಪ್ಪಿನ ಡಬ್ಬಿಯನ್ನು ಒಬ್ಬರ ಕೈಗೇ ಕೊಟ್ಟಳು. ತಿರುವುಮುರುವು ಮಾಡಿದರೂ ಸರಿಯೇ: ತಂತ್ರಾಂಶಕ್ಕೆ ಅಧಿಕಾರ ಕೊಟ್ಟು, ಡ್ರೈವರಿನಲ್ಲಿ ಬಣ್ಣದ ಹೊಂದಾಣಿಕೆಯನ್ನು ನಿಲ್ಲಿಸಬೇಕು. ಆದರೆ ಆಗ ಸರಿಯಾದ ಪ್ರೊಫೈಲ್ ಕೈಯಲ್ಲಿರಬೇಕು. ಅದು ಒಬ್ಬ ರೋಗಿಗೆ ಬರೆದ ಔಷಧದ ಚೀಟಿಯಿದ್ದಂತೆ. ಒಂದು ಕಂಪನಿಯ ಶಾಯಿಗೂ ಕಾಗದಕ್ಕೂ ಬರೆದದ್ದನ್ನು ಬೇರೆ ಶಾಯಿ, ಬೇರೆ ಕಾಗದಕ್ಕೆ ಕೊಟ್ಟರೆ ಗುಣವಾಗುವ ಭರವಸೆ ಇಲ್ಲ.

ಗುಲಾಬಿ ಬಹುಪಾಲು ಇಳಿಯಿತು. ಉಳಿದ ಚೂರಿಗೆ ಹಿರಿಯರು ಹೇಳಿದ ಉಪಾಯ ಕಾಗದವನ್ನೇ ಬದಲಿಸುವುದು. ಹೊಳಪಿಲ್ಲದ ಮ್ಯಾಟ್ ಕಾಗದವನ್ನು ಆರಿಸಿದಾಗ ಆ ಯಂತ್ರ ಕಪ್ಪು ತೊಟ್ಟಿಯನ್ನು ಮತ್ತೆ ಬಳಸುತ್ತಿತ್ತು. ಕೋಟು, ಮೀಸೆ, ನೆರಳಿನ ಭಾರವನ್ನು ಕಪ್ಪೇ ಹೊತ್ತುಕೊಂಡಿತು. ಮೂರು ಬಣ್ಣಗಳಿಗೆ ಉಳಿದದ್ದು ತಿಳಿಬೂದಿನ ಕೆಲಸ ಮಾತ್ರ. ತಕ್ಕಡಿ ವಾಲುವ ಅವಕಾಶವೇ ಕಡಿಮೆಯಾಯಿತು. ಅಚ್ಚಾದ ಕೂಡಲೇ ತೀರ್ಪು ಕೊಡದೆ ಒಂದು ರಾತ್ರಿ ಒಣಗಲು ಬಿಡಬೇಕು ಎಂದೂ ಹಿರಿಯರು ಹೇಳಿಕಳಿಸಿದ್ದರು. ಹಸಿ ಶಾಯಿಯ ಬಣ್ಣ ಒಣಗಿದಂತೆ ಸ್ವಲ್ಪ ಬದಲಾಗುತ್ತದೆ.

ಸೀರೆ ಅಂಗಡಿಯ ಬುದ್ಧಿ

ಮನೆಗೆ ತಂದ ಪಟ್ಟಿಗಳನ್ನು ರಾತ್ರಿ ಎಲ್‌ಇಡಿ ದೀಪದಲ್ಲಿ ನೋಡಿದಾಗ ಹೊಳಪಿನ ಕಾಗದದ್ದೂ ಮ್ಯಾಟ್ ಕಾಗದದ್ದೂ ಒಂದೇ ಬೂದಾಗಿ ಕಂಡವು. ಬೆಳಿಗ್ಗೆ ಜಗಲಿಯಲ್ಲಿ ನೋಡಿದರೆ ಹೊಳಪಿನದು ಮತ್ತೆ ಬಣ್ಣಕ್ಕೆ ತಿರುಗಿತ್ತು, ಮ್ಯಾಟ್‌ನದು ಹೆಚ್ಚು ಬದಲಾಗಿರಲಿಲ್ಲ. “ರಾತ್ರಿ ಸರಿ ಇತ್ತಲ್ಲ, ಯಾರು ಮುಟ್ಟಿದರು?” ಎಂದರು ತಂದೆ. ಮುಟ್ಟಿದ್ದು ಸೂರ್ಯ.

ಹೆಂಗಸರು ಸೀರೆ ಕೊಳ್ಳುವಾಗ ಅಂಗಡಿಯ ದೀಪವನ್ನು ನಂಬದೆ, ಸೀರೆಯನ್ನು ಬಾಗಿಲಿಗೆ ತಂದು ಹಗಲ ಬೆಳಕಿಗೆ ಹಿಡಿದು ನೋಡುತ್ತಾರೆ. ಅದರಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ಬಹುಪಾಲು ಬಿಳಿ ಎಲ್‌ಇಡಿಗಳು ನೀಲಿ ಬೆಳಕು ಕೊಡುವ ಚಿಪ್ಪಿನ ಮೇಲೆ ಹಳದಿ ಬೆಳಕು ಸೂಸುವ ಲೇಪ ಹಚ್ಚಿ ಮಾಡಿದವು. ಎರಡೂ ಕೂಡಿ ಬಿಳಿ ಎನಿಸುತ್ತವೆ. ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಸಾಲಾಗಿ ತುಂಬಿರುತ್ತವೆ. ಎರಡು ಬೂದುಗಳು ಒಂದು ಬೆಳಕಿನಲ್ಲಿ ಒಂದೇ ತೆರನಾಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದು ಇದರಿಂದ. ಇದಕ್ಕೆ ಮೆಟಮೆರಿಸಂ ಎಂದು ಹೆಸರು. ಮೂರು ಬಣ್ಣಗಳಿಂದ ಕಟ್ಟಿದ ಬೂದಿಗೆ ಈ ಚಪಲ ಹೆಚ್ಚು, ಕಪ್ಪು ಶಾಯಿಯ ಬೂದಿಗೆ ಕಡಿಮೆ.

ಕಾಗದವೂ ಇದರಲ್ಲಿ ಪಾಲುದಾರ. ಬಟ್ಟೆಗೆ ಬಿಳುಪು ಕೊಡಲು ಸೋಪಿನ ಪುಡಿಯಲ್ಲಿ ಬೆರೆಸುವಂಥ ಹೊಳಪುಕಾರಕಗಳನ್ನು ಅನೇಕ ಫೋಟೋ ಕಾಗದಗಳಲ್ಲೂ ಬಳಸುತ್ತಾರೆ. ಅವು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ. ಹಗಲಿನಲ್ಲಿ ಕಾಗದ ನೀಲಿಬಿಳುಪಾಗಿಯೂ ಸಾಮಾನ್ಯ ಎಲ್‌ಇಡಿಯಲ್ಲಿ ಕೊಂಚ ಮಂಕಾಗಿಯೂ ಕಾಣುವುದು ಇದರಿಂದಲೇ.

ಯಾವ ಬೆಳಕು ಸರಿ? ಮುದ್ರಣದವರು ಚಿತ್ರ ಪರೀಕ್ಷಿಸಲು 5000 ಕೆಲ್ವಿನ್ ಮಟ್ಟದ ಬೆಳಕನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ಮನೆಯವರಿಗೆ ಅದಕ್ಕಿಂತ ಸುಲಭದ ನಿಯಮವಿದೆ: ಚಿತ್ರ ಎಲ್ಲಿ ತೂಗುತ್ತದೋ ಅಲ್ಲಿನ ಬೆಳಕಿನಲ್ಲೇ ನೋಡಿ ಆರಿಸಬೇಕು. ಅಜ್ಜನ ಫೋಟೋ ತೂಗಬೇಕಾದದ್ದು ನಡುಮನೆಯಲ್ಲಿ, ಕಿಟಕಿಗೆ ಎದುರಾಗಿ.

ಅಜ್ಜಿಯ ಎರಡು ಕಣ್ಣು

ಇಷ್ಟೆಲ್ಲ ಆದ ಮೇಲೆ ಮುಖದ ಚಿತ್ರ ಅಚ್ಚಾಯಿತು. ಮೂಲ ಫೋಟೋವನ್ನು ಅಂಗುಲಕ್ಕೆ 1200 ಚುಕ್ಕೆಗಳಂತೆ ಮತ್ತೊಮ್ಮೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿದ್ದಳು ಹುಡುಗಿ. ಎರಡು ಅಂಗುಲಕ್ಕೆ 2400 ಚುಕ್ಕೆ, ಅಂಗುಲಕ್ಕೆ 300ರಂತೆ ಅಚ್ಚು ಹಾಕಿದರೆ ಎಂಟು ಅಂಗುಲ ಅಗಲದ ಚಿತ್ರ. ಕಪ್ಪು-ಬಿಳುಪನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡುವುದೇಕೆ? ಹಳದಿಗಟ್ಟಿದ ಕಲೆ ನೀಲಿ ಬೆಳಕಿನಲ್ಲಿ ಕಪ್ಪಾಗಿಯೂ ಕೆಂಪು ಬೆಳಕಿನಲ್ಲಿ ಹೆಚ್ಚು-ಕಡಿಮೆ ಕಾಣದಂತೆಯೂ ಇರುತ್ತದೆ. ಸ್ಕ್ಯಾನಿನ ಮೂರು ಪದರಗಳಲ್ಲಿ ಕೆಂಪಿನದನ್ನು ಮಾತ್ರ ಉಳಿಸಿಕೊಂಡು ಬೂದಾಗಿಸಿದರೆ ಹಳದಿ ಕಲೆಯ ಬಹುಪಾಲು ತಾನಾಗಿ ಮಾಯವಾಗುತ್ತದೆ. ಉಳಿದ ಬೂಸ್ಟಿನ ಚುಕ್ಕೆಗಳನ್ನು ಅವಳು ಒಂದೊಂದಾಗಿ ಅಳಿಸಿದ್ದಳು.

ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಪರೇಷನ್ ಆದ ಕಣ್ಣು ಮುಚ್ಚಿ, “ಹಳದಿ ಐತೆ” ಎಂದರು. ಇನ್ನೊಂದನ್ನು ಮುಚ್ಚಿ, “ಇಲ್ಲ, ನೀಲಿ ಐತೆ” ಎಂದರು. ಹುಡುಗಿ ಗಾಬರಿಯಾದಳು. ಅಷ್ಟು ದಿನದ ಕೆಲಸ ನೀರಿಗೆ ಬಿತ್ತೇ?

ಬಿದ್ದಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ಯಾರಿಗೂ ತಿಳಿಯುವುದಿಲ್ಲ. ಪೊರೆ ತೆಗೆದು ಹೊಸ ಮಸೂರ ಕೂರಿಸಿದ ಕಣ್ಣಿಗೆ ಅಷ್ಟು ವರ್ಷ ಕಾಣದಿದ್ದ ನೀಲಿ ಒಮ್ಮೆಗೇ ಕಾಣತೊಡಗುತ್ತದೆ. ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆಯಾದವರು ಈ ವ್ಯತ್ಯಾಸವನ್ನು ಸ್ವತಃ ಹೋಲಿಸಿ ನೋಡಬಲ್ಲರು. ಫೈಲು, ಶಾಯಿ, ಕಾಗದ, ಬೆಳಕು ಎಲ್ಲವನ್ನೂ ತೂಗಿದ ಮೇಲೆ ನೋಡುವ ಕಣ್ಣು ಎಂಬ ಇನ್ನೊಂದು ಉಪಕರಣ ಬಾಕಿ ಉಳಿದಿತ್ತು. ಅದನ್ನು ತಿದ್ದುವ ಗುಂಡಿ ಪ್ರಿಂಟರಿನಲ್ಲಿ ಇಲ್ಲ.

ಹುಡುಗಿ ಮೂರು ಸಣ್ಣ ಪಟ್ಟಿ ಅಚ್ಚು ಹಾಕಿದಳು. ಒಂದು ಶುದ್ಧ ಬೂದು, ಒಂದು ತುಸು ನೀಲಿಗೆ, ಒಂದು ತುಸು ಕಂದಿಗೆ. ಅಜ್ಜಿ ಎರಡೂ ಕಣ್ಣು ತೆರೆದು ಕಂದಿನದನ್ನು ಆರಿಸಿದರು. “ಆಗಿನ ಫೋಟೋ ಹಿಂಗೇ ಇರ್ತಿದ್ವು” ಎಂದರು. ಫೋಟೋ ಮುದ್ರಿಸುವವರ ಅನುಭವವೂ ಇದಕ್ಕೆ ಒಪ್ಪುತ್ತದೆ. ಪೂರ್ತಿ ತಟಸ್ಥವಾದ ಬೂದಿನಲ್ಲಿ ಸಣ್ಣ ವಾಲಿಕೆಯೂ ಎದ್ದು ಕಾಣುತ್ತದೆ. ಬೇಕೆಂದೇ ಕೊಟ್ಟ ತೆಳುಗಂದಿನಲ್ಲಿ ಅದು ಅಡಗಿಹೋಗುತ್ತದೆ.

ಆಮೇಲೆ ಅಜ್ಜಿ ಕೇಳಿದ್ದು ಬಣ್ಣದ ಮಾತಲ್ಲ. “ಹುಬ್ಬಿನ ಮ್ಯಾಲಿನ ಗಾಯ ಎಲ್ಲೋತು?”

ಎತ್ತಿನ ಕೊಂಬು ತಾಗಿ ಆದ ಗಾಯದ ಗುರುತು ಅದು. ಹುಡುಗಿ ಅಜ್ಜನನ್ನು ನೋಡಿದವಳಲ್ಲ. ಬೂಸ್ಟಿನ ಚುಕ್ಕೆಗಳ ಜೊತೆ ಅದನ್ನೂ ಕಲೆಯೆಂದು ಅಳಿಸಿಬಿಟ್ಟಿದ್ದಳು. ಪುಣ್ಯಕ್ಕೆ ಮೊದಲ ಸ್ಕ್ಯಾನನ್ನು ತಿದ್ದದೆ ಬೇರೆಯಾಗಿ ಇಟ್ಟಿದ್ದಳು. ಅದರಿಂದ ಹುಬ್ಬನ್ನು ತಂದು ಕೂರಿಸಿ ಮತ್ತೆ ಅಚ್ಚು ಹಾಕಿದಳು. ಅಜ್ಜಿ ಈ ಸಲ ಏನೂ ಹೇಳಲಿಲ್ಲ. ಆ ಗುರುತಿನ ಮೇಲೆ ಬೆರಳಿಡಲು ಹೋಗಿ, ಶಾಯಿ ಹಸಿಯಿದ್ದೀತೆಂದು ಕೈ ಹಿಂದಕ್ಕೆ ತೆಗೆದುಕೊಂಡರು.

ತಂದೆ-ತಾಯಂದಿರು ಮಾಡಬೇಕಾದದ್ದು

ಇಂಥ ಒಂದು ಫೋಟೋ ಅನೇಕ ಮನೆಗಳ ಟ್ರಂಕಿನಲ್ಲಿ, ದೇವರ ಕೋಣೆಯಲ್ಲಿ ಇದ್ದೇ ಇರುತ್ತದೆ. ರಜೆಯಲ್ಲಿ ಮಕ್ಕಳ ಕೈಗೆ ಅದನ್ನು ಕೊಡಿ. ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯಲಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಅಂಟುಹಾಳೆಯ ಆಲ್ಬಂ ಬೇಡ. ತಿದ್ದದ ಸ್ಕ್ಯಾನಿನ ಎರಡು ಪ್ರತಿಗಳು ಎರಡು ಕಡೆ ಇರಲಿ. ಅಚ್ಚಾದ ಚಿತ್ರವನ್ನು ನೇರ ಬಿಸಿಲು ಬೀಳದ ಗೋಡೆಗೆ, ಗಾಜಿಗೆ ತಾಗದಂತೆ ಕಟ್ಟಿಸಿ ಹಾಕಿ. ಡೈ ಶಾಯಿಯ ಮೂರು ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಇಂದು ಬೂದಾಗಿರುವುದು ಕೆಲವು ವರ್ಷಗಳಲ್ಲಿ ಬಣ್ಣಕ್ಕೆ ತಿರುಗಬಹುದು. ಆಗ ಮತ್ತೆ ಅಚ್ಚು ಹಾಕಬೇಕಾದರೆ ಯಾವ ಕಾಗದ, ಯಾವ ಆಯ್ಕೆ, ಯಾವ ದಿನ ಎಂಬ ಚೀಟಿಯನ್ನು ಚೌಕಟ್ಟಿನ ಹಿಂದೆ ಅಂಟಿಸಿದ್ದರೆ ಆರು ಹಾಳೆ ಉಳಿಯುತ್ತದೆ.

ಹಿರೇಗುಂಟನೂರಿನ ಪ್ರಿಂಟರ್ ಅದೇ ಜಾಗದಲ್ಲಿದೆ. ಹುಡುಗಿ ಈಗ ವಾರಕ್ಕೊಮ್ಮೆ ನಾಲ್ಕೂ ಶಾಯಿ ಓಡುವಂತೆ ಒಂದು ಸಣ್ಣ ಬಣ್ಣದ ಪಟ್ಟಿ ಅಚ್ಚು ಹಾಕುತ್ತಾಳೆ, ದಿನಾಂಕ ಬರೆದು ನೋಟುಬುಕ್ಕಿನಲ್ಲಿ ಅಂಟಿಸುತ್ತಾಳೆ. ಅಜ್ಜಿಯ ಎರಡನೆಯ ಕಣ್ಣಿನ ಆಪರೇಷನ್ ಆದ ಮೇಲೆ ಆ ಮೂರು ಪಟ್ಟಿಗಳನ್ನು ಇನ್ನೊಮ್ಮೆ ತೋರಿಸಬೇಕೆಂದು ತೆಗೆದಿಟ್ಟಿದ್ದಾಳೆ.